ಎಂಟಿಂಚಿನ ಫೋಮ್ ಸರೌಂಡ್ ಕಿಟ್: ರಿಂಗ್ ಚೆನ್ನ, ಸೂಚನೆ ಚೀಟಿ ದಂಡ

ಚಿಕ್ಕಮಗಳೂರು, ಮೂಡಿಗೆರೆ ಕಡೆಯ ತೋಟದ ಮನೆಗಳಲ್ಲಿ ಉಳಿದಿರುವ ಎಪ್ಪತ್ತು–ಎಂಬತ್ತರ ದಶಕದ ಸ್ಪೀಕರ್‌ಗಳ ಗ್ರಿಲ್ ತೆಗೆದು ನೋಡಿ. ಸದ್ದು ಹೊಮ್ಮಿಸುವ ಕೋನ್ ಗಟ್ಟಿಮುಟ್ಟಾಗಿರುತ್ತದೆ, ಅದನ್ನು ಫ್ರೇಮ್‌ಗೆ ಹಿಡಿದಿಡುವ ಸುತ್ತಲಿನ ಫೋಮ್ ಅಂಚು (ಸರೌಂಡ್) ಮಾತ್ರ ಮುಟ್ಟಿದರೆ ಪುಡಿ. ಪಾಲಿಯುರೆಥೇನ್ ಫೋಮ್ ಗಾಳಿಯ ತೇವಕ್ಕೇ ಶಿಥಿಲವಾಗುತ್ತದೆ. ಹಾಡು ಹಾಕದೆ ಮುಚ್ಚಿಟ್ಟರೂ ತಪ್ಪಿದ್ದಲ್ಲ. ಅದಕ್ಕೆಂದೇ ಆನ್‌ಲೈನ್‌ನಲ್ಲಿ ಮಾರುವ, ಬ್ರ್ಯಾಂಡ್ ಹೆಸರಿಲ್ಲದ ಕಿಟ್ ಇದು: ಎರಡು ಫೋಮ್ ರಿಂಗ್, ಒಂದು ಬಾಟಲಿ ಬಿಳಿ ಅಂಟು, ಬ್ರಷ್, ಎರಡು ಡಸ್ಟ್ ಕ್ಯಾಪ್ (ಕೋನ್ ನಡುವಿನ ಮುಚ್ಚಳ).

ರಿಂಗ್‌ಗಳ ಗುಣಮಟ್ಟಕ್ಕೆ ಕೊರತೆಯಿಲ್ಲ. ಮೃದುವಾಗಿವೆ, ದಪ್ಪ ಎಲ್ಲೆಡೆ ಸಮ. ಆದರೆ 'ಎಂಟಿಂಚು' ಎಂಬ ಲೇಬಲ್ ನಂಬಿ ಆರ್ಡರ್ ಮಾಡಬೇಡಿ. ಕೋನ್‌ನ ಅಂಚಿನ ವ್ಯಾಸ, ಫ್ರೇಮ್‌ನಲ್ಲಿ ಅಂಟು ಕೂರುವ ಜಾಗದ ಒಳ ಮತ್ತು ಹೊರ ವ್ಯಾಸ, ಮೂರನ್ನೂ ಮಿಲಿಮೀಟರ್‌ನಲ್ಲಿ ಅಳೆದು ಮಾರುವವರ ಪಟ್ಟಿಗೆ ಹೋಲಿಸಿ. ಹಳೆಯ ಫೋಮ್ ಕೋನ್‌ನ ಮೇಲೆ ಅಂಟಿತ್ತೋ ಕೆಳಗೋ ಎಂದೂ ಗುರುತು ಮಾಡಿಕೊಳ್ಳಿ.

ಹಳೆ ಅಂಟನ್ನು ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ನೆನೆಸಿ ಉಜ್ಜಿ ತೆಗೆಯಬೇಕು. ಇಲ್ಲಿ ಸೋಮಾರಿತನ ಮಾಡಿದರೆ ಹೊಸ ರಿಂಗ್ ಎದ್ದುಬರುತ್ತದೆ. ಕಾಗದದ ಕೋನ್ ಮೇಲೆ ಬೂಷ್ಟು ಇದ್ದರೆ ಒಣ ಬ್ರಷ್ ಸಾಕು, ಒದ್ದೆ ಬಟ್ಟೆ ಬೇಡ.

ಮೊದಲು ಕೋನ್‌ಗೆ ಅಂಟಿಸಿ, ಪೂರ್ತಿ ಒಣಗಿದ ಮೇಲೆ ಫ್ರೇಮ್‌ಗೆ. ಚೀಟಿಯಲ್ಲಿ ಬರೆದಿರುವ 'ಒಂದು ಗಂಟೆ' ಬಯಲುಸೀಮೆಯ ಬೇಸಿಗೆಗಾದರೆ ಸರಿ. ನೀರಿನಲ್ಲಿ ಕರಗುವ ಅಂಟು ಆಷಾಢದ ಜಡಿಮಳೆಯಲ್ಲಿ ಬೇಗ ಆರುವುದಿಲ್ಲ. ಎರಡು ದಿನ ಬಿಡಿ. ಒಲೆಯ ಪಕ್ಕ ಇಟ್ಟು ಅವಸರ ಮಾಡಿದರೆ ರಿಂಗ್ ಸೊಟ್ಟಗಾಗುತ್ತದೆ. ಸಾಧ್ಯವಾದರೆ ಈ ಕೆಲಸಕ್ಕೆ ಜನವರಿ–ಮಾರ್ಚ್ ಕಾಯ್ದಿರಿಸಿ.

ಚೀಟಿ ಬಾಯಿಯೇ ಬಿಡದ ವಿಷಯ ಸೆಂಟರಿಂಗ್, ಅಂದರೆ ಕೋನನ್ನು ಸರಿಯಾಗಿ ನಟ್ಟನಡುವೆ ಕೂರಿಸುವುದು. ಫ್ರೇಮ್ ಕಡೆಯ ಅಂಟು ಹಸಿ ಇರುವಾಗಲೇ ಫೋನ್ ಆ್ಯಪ್‌ನಿಂದ 30 ಹರ್ಟ್ಸ್ ಸ್ವರವನ್ನು ಆ್ಯಂಪ್ಲಿಫೈಯರ್ ಮೂಲಕ ಸಣ್ಣಗೆ ಕೊಡಿ. ಕರಕರ ಎಂದರೆ ವಾಯ್ಸ್ ಕಾಯಿಲ್ (ಕೋನ್ ಹಿಂದಿನ ತಂತಿ ಸುರುಳಿ) ಆಯಸ್ಕಾಂತದ ಗ್ಯಾಪ್‌ನಲ್ಲಿ ಉಜ್ಜುತ್ತಿದೆ. ಸದ್ದು ನಿಲ್ಲುವವರೆಗೆ ರಿಂಗನ್ನು ಕೂದಲೆಳೆಯಷ್ಟು ಸರಿಸುತ್ತಾ ಹೋಗಿ. ಹೀಗೆ ಮಾಡಿದರೆ ಕಾಯಿಲ್ ನಡುವೆ ಕೂರಿಸಲೆಂದು ಡಸ್ಟ್ ಕ್ಯಾಪ್ ಕತ್ತರಿಸುವ ಪ್ರಮೇಯವೇ ಇಲ್ಲ, ಕಿಟ್‌ನ ಆ ಎರಡು ಕ್ಯಾಪ್ ಡಬ್ಬಿಯಲ್ಲೇ ಇರಲಿ. ಕಿಟ್ ತರಿಸುವ ಮುಂಚೆಯೇ ಕಾಯಿಲ್‌ನ ರೋಧವನ್ನು ಮಲ್ಟಿಮೀಟರ್‌ನಲ್ಲಿ ಅಳೆಯಿರಿ: 8 ಓಮ್ ಸ್ಪೀಕರ್ ಸುಮಾರು 6–7 ಓಮ್ ತೋರಿಸಬೇಕು. ಏನೂ ತೋರಿಸದಿದ್ದರೆ ಕಾಯಿಲ್ ಸುಟ್ಟಿದೆ ಅಥವಾ ತಂತಿ ಕಡಿದಿದೆ, ಫೋಮ್‌ಗೆ ದುಡ್ಡು ಸುರಿಯಬೇಡಿ.

ಇದೇ ಅಳತೆಯಲ್ಲಿ ರಬ್ಬರ್ ರಿಂಗೂ ಸಿಗುತ್ತದೆ. ತೇವಕ್ಕೆ ಅದೇ ಹೆಚ್ಚು ಬಾಳುತ್ತದೆ, ನಿಜ. ಆದರೆ ಫೋಮ್‌ಗೆಂದು ಮಾಡಿದ ಹಗುರ ಕೋನ್‌ಗೆ ಆ ಭಾರ ಕೂಡಿದರೆ ಬಾಸ್‌ನ ಲೆಕ್ಕವೇ ಬದಲಾಗುತ್ತದೆ. ಹತ್ತು ಹದಿನೈದು ವರ್ಷಕ್ಕೊಮ್ಮೆ ಫೋಮ್ ಬದಲಿಸುವುದೇ ಮೇಲು.

ಪೆಟ್ಟಿಗೆ ಬಿಚ್ಚಿದಾಗಲೇ ಕ್ರಾಸ್‌ಓವರ್‌ನ (ಏರು-ತಗ್ಗು ಸ್ವರಗಳನ್ನು ಬೇರೆಬೇರೆ ಸ್ಪೀಕರ್‌ಗೆ ಹಂಚುವ ಸರ್ಕ್ಯೂಟ್) ಹಳೆಯ ನಾನ್‌ಪೋಲಾರ್ (ಧನ-ಋಣ ತುದಿಗಳ ಭೇದವಿಲ್ಲದ) ಕೆಪಾಸಿಟರ್‌ಗಳನ್ನೂ ಅಳೆಯಿರಿ. ಟ್ವೀಟರ್‌ಗೆ (ಏರು ಸ್ವರದ ಪುಟ್ಟ ಸ್ಪೀಕರ್) ಹಳೆಯದರ ಬದಲು ಪಾಲಿಪ್ರೊಪಿಲೀನ್ ಫಿಲ್ಮ್ ಕೆಪಾಸಿಟರ್ ಹಾಕಿದ ಮೇಲೆ ಸದ್ದು ಕಿವಿಗೆ ಚುಚ್ಚಿದರೆ, ಕೆಪಾಸಿಟರ್ ಜೊತೆ ಸರಣಿಯಲ್ಲಿ ಅರ್ಧ ಓಮ್‌ನ 5 ವ್ಯಾಟ್ ರೆಸಿಸ್ಟರ್ ಸೇರಿಸಿ.