ಮಾರ್ಚ್ ಹಿಮಕ್ಕೆ ಯಾವ ಬಟ್ಟೆ: ಬಾಡಿಗೆ ಸೂಟಾ, ದಪ್ಪ ಜಾಕೆಟ್ಟಾ, ಪದರಾ?

ಮೊದಲೇ ಹೇಳಿಬಿಡುತ್ತೇನೆ. ಮಾರ್ಚ್‌ನಲ್ಲಿ ಸ್ಕೀ ಕಲಿಯಲು ಕಾಶ್ಮೀರದ ಗುಲ್ಮಾರ್ಗ್‌ಗೆ ಹೊರಟಿದ್ದರೆ ದುಡ್ಡನ್ನು ಪ್ಯಾಂಟಿಗೆ ಹಾಕಿ, ಜಾಕೆಟ್ಟಿಗಲ್ಲ. ನಮ್ಮ ಕಡೆ ಎಲ್ಲರೂ ಇದನ್ನು ಉಲ್ಟಾ ಮಾಡುತ್ತಾರೆ. ಚಳಿ ಅಂದ ಕೂಡಲೇ ಉಬ್ಬಿದ ಜಾಕೆಟ್ ನೆನಪಾಗುತ್ತೆ. ವಿಜಯಪುರದ ಬಿಸಿಲಲ್ಲಿ ಕೂತು ಯೋಚಿಸಿದರೆ ಇನ್ನೇನು ಹೊಳೆಯಬೇಕು ಹೇಳಿ!

ನಾನು ಮೂರನ್ನೂ ಹಾಕಿ ನೋಡಿದ್ದೇನೆ. ಅಲ್ಲೇ ಬಾಡಿಗೆಗೆ ಸಿಗುವ ಸೂಟ್, ತಮ್ಮನ ಪುಕ್ಕ ತುಂಬಿದ ಜಾಕೆಟ್, ಆಮೇಲೆ ನಾನೇ ಕೊಂಡ ಪದರಗಳ ಸೆಟ್. ಈಗ ಮೊದಲೆರಡರ ಹತ್ತಿರವೂ ಹೋಗುವುದಿಲ್ಲ.

ಬಾಡಿಗೆ ಸೂಟ್ ದಿನಕ್ಕೆ ಐನೂರು ರೂಪಾಯಿ ಅಂದಾಗ ಅಗ್ಗ ಅನ್ನಿಸಿತ್ತು. ಬೆಚ್ಚಗೂ ಇತ್ತು, ಸುಳ್ಳು ಹೇಳಬಾರದು. ತೊಂದರೆ ಶುರುವಾಗಿದ್ದು ಕೂತಾಗ. ಹೊಸದಾಗಿ ಸ್ಕೀ ಕಲಿಯುವವರು ಜಾರುವುದಕ್ಕಿಂತ ಜಾಸ್ತಿ ಹೊತ್ತು ಹಿಮದ ಮೇಲೆ ಕೂತಿರುತ್ತಾರೆ. ಬೀಳುವುದು, ಕೂರುವುದು, ಏಳಲು ಒದ್ದಾಡುವುದು, ಮತ್ತೆ ಬೀಳುವುದು. ಜನವರಿಯ ಪುಡಿ ಹಿಮ ಆದರೆ ಕೊಡವಿದರೆ ಉದುರುತ್ತೆ. ಮಾರ್ಚ್ ಹಿಮ ಹಾಗಲ್ಲ. ರಾತ್ರಿ ಹೆಪ್ಪುಗಟ್ಟಿ ಬೆಳಿಗ್ಗೆ ಕಲ್ಲಿನಂತೆ ಇರುತ್ತೆ, ಬಿಸಿಲೇರಿದ ಮೇಲೆ ನೀರು ನೀರು. ಆ ನೀರು ಸೀದಾ ಕುಂಡಿಗೆ ಬರುತ್ತೆ.

ಸ್ಕೀ ಬಟ್ಟೆಯ ಮೇಲ್ಮೈಗೆ ನೀರು ಹನಿಯಾಗಿ ಉರುಳಿಹೋಗುವ ಹಾಗೆ ಒಂದು ಲೇಪ ಕೊಟ್ಟಿರುತ್ತಾರೆ. ಊರೆಲ್ಲ ಹಾಕಿ, ಒಗೆದು, ಉಜ್ಜಿದ ಸೂಟಿನಲ್ಲಿ ಅದು ಉಳಿದಿರುವುದಿಲ್ಲ. ಮೇಲಿನ ಬಟ್ಟೆ ನೆನೆಯುತ್ತೆ, ಒಳಗೆ ತುಂಬಿರುವ ಹತ್ತಿಯಂಥ ಪದಾರ್ಥ ನೀರು ಹೀರಿಕೊಳ್ಳುತ್ತೆ. ಊಟದ ಹೊತ್ತಿಗೆ ಪ್ಯಾಂಟ್ ಭಾರ ಆಗಿ ಜಗ್ಗಲು ಶುರು. ಕಾಲಿನ ತುದಿಯಲ್ಲಿ ಬೂಟಿನ ಮೇಲೆ ಬಿಗಿಯಾಗಿ ಕೂರುವ ಒಳಪಟ್ಟಿ ಇರಬೇಕು. ನನಗೆ ಸಿಕ್ಕಿದ್ದರಲ್ಲಿ ಅದರ ಎಲಾಸ್ಟಿಕ್ ಸತ್ತಿತ್ತು, ಹಿಮ ಬೂಟಿನೊಳಗೂ ಇಳಿಯಿತು. ರಾತ್ರಿ ಹೋಟೆಲಿನ ಬುಖಾರಿ ಒಲೆ ಪಕ್ಕ ನೇತುಹಾಕಿದರೆ ಮೇಲೆ ಒಣಗಿದಂತೆ ಕಾಣುತ್ತೆ, ಒಳಗೆ ತಣ್ಣಗೆ ಒದ್ದೆ. ಬೆಳಿಗ್ಗೆ ಮೈನಸ್ ಚಳಿಯಲ್ಲಿ ಅದರೊಳಗೆ ಕಾಲು ತೂರಿಸುವ ಸುಖ ಯಾರಿಗೂ ಬೇಡ. ಅಂಗಡಿಯವನನ್ನು ಕೇಳಿದರೆ, ಮಾರ್ಚ್‌ನಲ್ಲಿ ಎಲ್ಲರದ್ದೂ ಹೀಗೇ ಅಂದ.

ತಮ್ಮನ ಜಾಕೆಟ್ ಬಗ್ಗೆ ಹೆಚ್ಚೇನಿಲ್ಲ. ಪುಕ್ಕ ಒಣಗಿದ್ದರೆ ರಾಜ, ನೆನೆದರೆ ಗಂಟು. ಸ್ಕೀ ಮಾಡುವಾಗ ಒಳಗೆ ಬೆವರು, ನಿಂತಾಗ ಅದೇ ಬೆವರಿಗೆ ನಡುಕ. ಸಂಜೆ ಚಹಾ ಕುಡಿಯಲು ಹೊರಗೆ ಹೋಗುವಾಗ ಹಾಕಿಕೊಳ್ಳಬಹುದು.

ನನ್ನ ಸೆಟ್ ಹೀಗಿದೆ. ಒಳಗೆ ಉಣ್ಣೆಯ ತೆಳು ಥರ್ಮಲ್, ಅದರ ಮೇಲೆ ಚಳಿಗಾಲದಲ್ಲಿ ಟಿಬೆಟಿಯನ್ನರ ಅಂಗಡಿಯಲ್ಲಿ ಕೊಂಡಿದ್ದ ಫ್ಲೀಸ್, ಅಂದರೆ ಮೆತ್ತನೆಯ ಬೆಚ್ಚಗಿನ ಅಂಗಿ, ಹೊರಗೆ ಶೆಲ್, ಅಂದರೆ ಒಳಗೆ ಏನೂ ತುಂಬಿರದ, ನೀರು ತಡೆಯುವ ತೆಳು ಜಾಕೆಟ್ಟು, ಪ್ಯಾಂಟು. ಹತ್ತಿ ಬನಿಯನ್ ಮಾತ್ರ ಮನೆಯಲ್ಲೇ ಬಿಡಿ. ಬೆವರು ಕುಡಿದರೆ ಅದು ಒಣಗುವುದೇ ಇಲ್ಲ. ಉಣ್ಣೆ ಒದ್ದೆಯಾದರೂ ಒಂದಿಷ್ಟು ಬೆಚ್ಚಗಿಡುತ್ತೆ. ನಮ್ಮ ಕುರಿಗಾರರು ಮಳೆಯಲ್ಲಿ ಕಂಬಳಿ ಹೊದ್ದು ನಿಲ್ಲುವುದು ಸುಮ್ನೆ ಅಲ್ವಲ್ಲ.

ಪದರ ಯಾಕೆ ಬೇಕು ಅಂದರೆ, ಗುಲ್ಮಾರ್ಗ್ ಇರುವುದು ಸುಮಾರು 2,650 ಮೀಟರ್ ಎತ್ತರದಲ್ಲಿ. ಅಲ್ಲಿನ ಕೇಬಲ್ ಕಾರ್ ಗೊಂಡೋಲಾದ ಎರಡನೇ ಹಂತ ಅಫರ್ವಾತ್ ಬೆಟ್ಟದ ಮೇಲೆ 3,900 ಮೀಟರ್ ದಾಟಿ ಬಿಡುತ್ತೆ. ಸಾವಿರ ಮೀಟರ್ ಏರಿದರೆ ಸರಾಸರಿ 6.5 ಡಿಗ್ರಿ ತಂಪಾಗುತ್ತೆ. ಅಂದರೆ ಕೆಳಗೆ ಫ್ಲೀಸ್ ಬಿಚ್ಚಿ ಬ್ಯಾಗಿಗೆ ತುರುಕುವ ಸೆಕೆ, ಮೇಲೆ ಹಲ್ಲು ಕಟಕಟ. ಒಂದೇ ದಪ್ಪ ಜಾಕೆಟ್ಟಿನಲ್ಲಿ ಇದನ್ನು ಸುಧಾರಿಸಲು ಆಗಲ್ಲ.

ಶೆಲ್ ಪ್ಯಾಂಟಿನ ಲೇಬಲ್ ಮೇಲೆ 10,000 ಎಂಎಂ ಅಂತ ಇರಲಿ. ಅಷ್ಟು ಎತ್ತರದ, ಅಂದರೆ 10 ಮೀಟರ್ ನೀರಿನ ಕಂಬದ ಒತ್ತಡವನ್ನು ಬಟ್ಟೆ ತಡೆಯಿತು ಅಂತ ಅರ್ಥ. ಹೊಲಿಗೆಗಳ ಒಳಗೆ ಟೇಪ್ ಇದೆಯೇ ನೋಡಿ. ಇಲ್ಲದಿದ್ದರೆ ಸೂಜಿ ತೂತಿನಿಂದಲೇ ನೀರು ಬರುತ್ತೆ. ನನ್ನದು ಉದ್ದ ಆಗಿತ್ತು, ಗಾಂಧಿ ಚೌಕದ ಹತ್ತಿರ ದರ್ಜಿ ಕಾಕಾನ ಬಳಿ ಒಯ್ದೆ. "ಈ ಬಿಸಿಲಾಗ ಇದನ್ನ ಹಾಕ್ಕೊಂಡು ಎಲ್ಲಿಗೆ ಹೊಂಟೀರಿ ಸರ?" ಅಂತ ನಕ್ಕರು. ಕೆಳತುದಿ ಬಿಟ್ಟು ಎಲ್ಲೂ ಸೂಜಿ ಹಾಕಬೇಡಿ ಅಂತ ಹೇಳಿದ್ದೆ, ಹಾಗೇ ಮಾಡಿಕೊಟ್ಟರು.

ಪ್ಯಾಂಟಿಗೆ ಮೂರೂವರೆ ಸಾವಿರ ಆಯಿತು. ಬಾಡಿಗೆ ಲೆಕ್ಕದಲ್ಲಿ ಒಂದು ವಾರದ ದುಡ್ಡು. ಮಡಚಿದರೆ ಚೀಲದ ಮೂಲೆಯಲ್ಲಿ ಕೂರುತ್ತೆ, ವಿಮಾನದ 15 ಕಿಲೋ ಮಿತಿಯಲ್ಲಿ ಇದೂ ಲಾಭವೇ. ಊರಿಗೆ ಬಂದ ಮೇಲೆ ಮಳೆಗಾಲದಲ್ಲಿ ಬೈಕ್ ಓಡಿಸಲೂ ಹಾಕುತ್ತೇನೆ. ಹಾಗಾಗಿ ನನಗೆ ಲೆಕ್ಕ ಸುಲಭ. ಗೊಂಡೋಲಾ ಹತ್ತಿ ಫೋಟೋ ತೆಗೆಸಿಕೊಂಡು ಬರುವವರಿಗೆ ಇದೆಲ್ಲ ಬೇಡ, ಗುಲ್ಮಾರ್ಗ್‌ಗೆ ಹತ್ತುವ ಮುಂಚೆ ಸಿಗುವ ತಂಗ್‌ಮಾರ್ಗ್‌ನಲ್ಲಿ ಕೋಟು, ಗಂಬೂಟು ಬಾಡಿಗೆಗೆ ತಗೊಂಡರೆ ಸಾಕು.

ಸ್ಕೀ, ಬೂಟು, ಹೆಲ್ಮೆಟ್ ಅಲ್ಲೇ ಬಾಡಿಗೆಗೆ ತಗೊಳ್ಳಿ. ಕನ್ನಡಕ ಮಾತ್ರ ಸ್ವಂತದ್ದಿರಲಿ. ಹೊಸ ಹಿಮ ಅತಿನೇರಳೆ ಕಿರಣದ 80 ಶೇಕಡಾವರೆಗೂ ಕಣ್ಣಿಗೆ ವಾಪಸ್ ಎಸೆಯುತ್ತೆ, ಗೀಚುಬಿದ್ದ ಬಾಡಿಗೆ ಗಾಜು ನಂಬಬೇಡಿ. ತಮ್ಮ ಈಗ ಸ್ಕೀ ಮಾಡಲು ಉತ್ತರಾಖಂಡದ ಔಲಿಗೆ ಹೋಗುವ ಮಾತಾಡುತ್ತಿದ್ದಾನೆ. ನನ್ನ ಪ್ಯಾಂಟ್ ಕೇಳಿದ್ದಾನೆ, ಕೊಡುತ್ತೇನೆ. ಕೈಗವಸು ಅವನೇ ತಗೊಳ್ಳಲಿ.