ಆಟೊಮ್ಯಾಟಿಕ್ ವಾಚಿಗೆ ದಿನಾ ಕೀ ಕೊಡುವವರು ಮನೆಯಲ್ಲಿದ್ದರೆ ಇದನ್ನೊಮ್ಮೆ ಓದಿ

ಕಳೆದ ಜುಲೈನಲ್ಲಿ ಒಂದು ಬೆಳಗ್ಗೆ ತಿಂಡಿಗೆ ಕೂತ ಅಪ್ಪ ಎಡಗೈ ಮುಂದೆ ಚಾಚಿ, “ನೋಡಿಲ್ಲಿ, ವಾಚು ಒಳಗಡೆ ಬೆವರಿದೆ” ಅಂದರು. ಗಾಜಿನ ಒಳಮೈಯಲ್ಲಿ, ನಾಲ್ಕು ಗಂಟೆಯ ಗುರುತಿನ ಹತ್ತಿರ, ಕಿರುಬೆರಳಿನ ಉಗುರಿನಷ್ಟು ಮಂಜು ಕಟ್ಟಿತ್ತು. ಅಂಗಿಯ ತುದಿಯಿಂದ ಒರೆಸಿದೆ, ಹೋಗಲಿಲ್ಲ. ಅವರಿಗೆ ಎಪ್ಪತ್ತು ತುಂಬಿದಾಗ ಮೂರು ವರ್ಷ ದುಡ್ಡು ಕೂಡಿಟ್ಟು ಕೊಡಿಸಿದ್ದ ಸ್ವಿಸ್ ವಾಚು ಅದು. ಹಿಂಬದಿಯಲ್ಲಿ 100 ಮೀಟರ್ ಅಂತ ಕೆತ್ತಿದೆ, ಅಂದರೆ ನೀರು ತಡೆಯುವ ವಾಚು. ಆಮೇಲೆ ಅದರ ರಿಪೇರಿಗೆ 48,000 ರೂಪಾಯಿ ಕೊಟ್ಟೆ. ವಾಚು ಎರಡೂವರೆ ತಿಂಗಳು ಮನೆಯಲ್ಲಿರಲಿಲ್ಲ. ಇದು ಇನ್ನೊಬ್ಬರ ಮನೆಯಲ್ಲಿ ಆಗಬಾರದು ಅಂತಲೇ ಬರೆಯುತ್ತಿದ್ದೇನೆ.

ಅಪ್ಪ ಮೂವತ್ತೈದು ವರ್ಷ ಕಟ್ಟಿದ್ದು ಎಚ್‌ಎಂಟಿ ಜನತಾ. ನಮ್ಮ ಮನೆ ಇರುವುದು ಜಾಲಹಳ್ಳಿಯ ಪಕ್ಕದಲ್ಲೇ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಜೊತೆಗೂಡಿ ಎಚ್‌ಎಂಟಿ ಅಲ್ಲಿ ವಾಚ್ ಕಾರ್ಖಾನೆ ಶುರುಮಾಡಿತಲ್ಲ, ಆಗಿನಿಂದ ಈ ಕಡೆಯ ಎಷ್ಟೋ ಮನೆಗಳಲ್ಲಿ ಬೆಳಗಿನ ಕಾಫಿಗೆ ಮುಂಚೆ ವಾಚಿಗೆ ಕೀ ಕೊಡುವುದು ದೇವರಿಗೆ ದೀಪ ಹಚ್ಚಿದಷ್ಟೇ ಖಾಯಂ. ಜನತಾ ಕೀ ಕೊಟ್ಟರೆ ಮಾತ್ರ ನಡೆಯುವ ವಾಚು, ಮರೆತರೆ ಮಾರನೆಯ ದಿನ ನಿಂತಿರುತ್ತದೆ. ಹೊಸ ವಾಚು ಆಟೊಮ್ಯಾಟಿಕ್, ಅಂದರೆ ತಾನೇ ಕೀ ತುಂಬಿಕೊಳ್ಳುವಂಥದ್ದು. ಅದು ಬಂದ ಮೇಲೂ ಅಪ್ಪನ ಕೈ ಹಳೆಯ ರೂಢಿಯನ್ನೇ ಮುಂದುವರಿಸಿತು. ದಿನಾ ಬೆಳಗ್ಗೆ, ವಾಚು ಮಣಿಕಟ್ಟಿನ ಮೇಲೆ ಇದ್ದ ಹಾಗೇ, ಕೀ ಗುಂಡಿ ಬಿಚ್ಚಿ, ಇಪ್ಪತ್ತು ಸುತ್ತು ಕೊಟ್ಟು, ಒತ್ತಿ ತಿರುಗಿಸಿ ಬಿಗಿಮಾಡುವುದು. ಹೀಗೆ ಎರಡೂವರೆ ವರ್ಷ. ನಾನು ಎದುರಿಗೇ ಕೂತಿರುತ್ತಿದ್ದೆ. ಹೀಗೆ ಮಾಡಬಾರದು ಅಂತ ನನಗೂ ಗೊತ್ತಿರಲಿಲ್ಲ, ವಾಚು ಮಾರಿದ ಅಂಗಡಿಯವರೂ ಒಂದು ಮಾತು ಹೇಳಿರಲಿಲ್ಲ.

ಆ ಗುಂಡಿಗೆ ವಾಚಿನವರು ಕ್ರೌನ್ ಅನ್ನುತ್ತಾರೆ. ಮಾಮೂಲಿ ವಾಚಿನಲ್ಲಿ ಒತ್ತಿದರೆ ಕೂತುಬಿಡುತ್ತದೆ. ಸ್ಕ್ರೂ ಡೌನ್ ಕ್ರೌನ್ ಇರುವ ವಾಚಿನಲ್ಲಿ ಕೇಸಿನ ಬದಿಯಿಂದ ಒಂದು ಪುಟ್ಟ ಕೊಳವೆ ಹೊರಗೆ ಬಂದಿರುತ್ತದೆ. ಕೊಳವೆಯ ಹೊರಮೈಗೆ ಥ್ರೆಡ್, ಕ್ರೌನಿನ ಒಳಮೈಗೆ ಥ್ರೆಡ್. ಬಾಟಲಿಗೆ ಮುಚ್ಚಳ ತಿರುಗಿಸಿದ ಹಾಗೆ ಒಂದರ ಮೇಲೊಂದು ಕೂರಬೇಕು. ನಿಜವಾಗಿ ನೀರು ತಡೆಯುವುದು ಒಳಗಿರುವ ಸಣ್ಣ ರಬ್ಬರ್ ವಾಷರ್. ಥ್ರೆಡ್ಡಿನ ಕೆಲಸ ಆ ವಾಷರನ್ನು ಕೊಳವೆಗೆ ಸಮನಾಗಿ ಅದುಮಿ ಹಿಡಿಯುವುದು. ಹಾಗಾಗಿ ಕ್ರೌನ್ ಅರ್ಧ ಬಿಚ್ಚಿದ್ದರೆ, ಇಲ್ಲವೇ ಓರೆಯಾಗಿ ಕೂತಿದ್ದರೆ, ಹಿಂಬದಿಯ 100 ಮೀಟರಿಗೆ ಅರ್ಥವೇ ಇಲ್ಲ.

ಈ ಬಗೆಯ ಕ್ರೌನನ್ನು ಲೋಕಕ್ಕೆ ಪರಿಚಯ ಮಾಡಿಕೊಟ್ಟಿದ್ದು 1926ರಲ್ಲಿ ಬಂದ ರೋಲೆಕ್ಸ್ ಆಯ್‌ಸ್ಟರ್. ಮರುವರ್ಷ ಮರ್ಸಿಡೀಸ್ ಗ್ಲೈಟ್ಸೆ ಎಂಬ ಈಜುಗಾರ್ತಿ ಅದನ್ನು ಧರಿಸಿ ಇಂಗ್ಲಿಷ್ ಕಡಲ್ಗಾಲುವೆಯ ತಣ್ಣೀರಿನಲ್ಲಿ ಹತ್ತು ಗಂಟೆಗೂ ಹೆಚ್ಚು ಹೊತ್ತು ಈಜಿದರು, ವಾಚು ಕೆಡಲಿಲ್ಲ. ಆದರೆ ಆ ವಾಚಿಗೂ ಕೀ ಕೊಡಬೇಕಿತ್ತು, ಅಂದರೆ ದಿನಾ ಕ್ರೌನ್ ಬಿಚ್ಚಲೇಬೇಕಿತ್ತು. 1931ರಲ್ಲಿ ಅದೇ ಕಂಪನಿ ಕೈ ಅಲ್ಲಾಡಿದರೆ ತಾನೇ ಕೀ ತುಂಬಿಕೊಳ್ಳುವ ರೋಟರ್ ತಂದ ಮೇಲೆ ಆ ತೊಂದರೆ ತಪ್ಪಿತು. ನಮ್ಮ ಮನೆಯದು ರೋಲೆಕ್ಸ್ ಅಲ್ಲ, ಆದರೆ ಒಳಗಿರುವ ವ್ಯವಸ್ಥೆ ಅದೇ. ದಿನವಿಡೀ ಕೈಯಲ್ಲಿರುವ ಆಟೊಮ್ಯಾಟಿಕ್ ವಾಚಿಗೆ ಕೀ ಬೇಡವೇ ಬೇಡ. ಒಂದೆರಡು ದಿನ ತೆಗೆದಿಟ್ಟು ನಿಂತುಹೋದರೆ, ಇಲ್ಲವೇ ಟೈಮು, ತಾರೀಖು ಸರಿಮಾಡಬೇಕಾದರೆ ಮಾತ್ರ ಬಿಚ್ಚಿದರೆ ಸಾಕು. ಅಪ್ಪ ಎರಡೂವರೆ ವರ್ಷದಲ್ಲಿ ಒಂಬೈನೂರು ಸಲ ಬಿಚ್ಚಿ ಮುಚ್ಚಿದ್ದರು.

ಮಂಜು ಕಂಡ ದಿನ ನಾನು ಮಾಡಿದ ತಪ್ಪು ಇನ್ನೂ ದೊಡ್ಡದು. ಮೊಬೈಲ್ ನೀರಿಗೆ ಬಿದ್ದರೆ ಮಾಡುತ್ತಾರಲ್ಲ, ಹಾಗೆ ವಾಚನ್ನು ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟೆ. ಮೂರನೆಯ ದಿನಕ್ಕೆ ಮಂಜು ಮಾಯವಾಯಿತು. ಸರಿಹೋಯಿತು ಅಂದುಕೊಂಡೆ. ಐದನೆಯ ದಿನ ಸೆಕೆಂಡ್ ಮುಳ್ಳು ನಿಂತಿತು.

ಮಲ್ಲೇಶ್ವರದಲ್ಲಿ ನಲವತ್ತು ವರ್ಷದಿಂದ ವಾಚ್ ರಿಪೇರಿ ಮಾಡುತ್ತಿರುವ ಹಿರಿಯರೊಬ್ಬರ ಹತ್ತಿರ ಹೋದೆ. ಅವರು ತಕ್ಷಣ ವಾಚನ್ನು ತೆರೆಯಲಿಲ್ಲ. ಮೊದಲು ಕಣ್ಣಿಗೆ ಲೂಪ್, ಅಂದರೆ ಪುಟ್ಟ ಭೂತಗನ್ನಡಿ, ಇಟ್ಟುಕೊಂಡು ಕ್ರೌನನ್ನೇ ನೋಡಿದರು. ಆಮೇಲೆ ಲೂಪನ್ನು ನನ್ನ ಕೈಗೆ ಕೊಟ್ಟರು. ಕ್ರೌನಿನ ಕೆಳಗಿನ ಅಂಚು ಕೇಸಿಗೆ ಅಂಟಿಕೊಂಡಿತ್ತು, ಮೇಲಿನ ಅಂಚಿನಲ್ಲಿ ಕೂದಲೆಳೆಯಷ್ಟು ಸಂದು. ಬರಿಗಣ್ಣಿಗೆ ಪೂರ್ತಿ ಮುಚ್ಚಿದ ಹಾಗೇ ಕಾಣುತ್ತಿತ್ತು, ಬೆರಳಿಗೂ ಬಿಗಿಯಾಗೇ ಇತ್ತು. “ಉಪ್ಪಿನಕಾಯಿ ಬಾಟಲಿ ಮುಚ್ಚಳ ಓರೆಯಾಗಿ ಕೂತ್ರೂ ಬಿಗಿಯಾಗೇ ಇರುತ್ತೆ ಸರ್, ಎಣ್ಣೆ ಮಾತ್ರ ಸೋರುತ್ತೆ” ಅಂದರು. ಸವೆದ ಥ್ರೆಡ್ ಒಂದು ದಿನ ಅಡ್ಡ ಹತ್ತಿದೆ. ಅಪ್ಪ ಅದನ್ನೇ ಬಲವಾಗಿ ತಿರುಗಿಸಿದ್ದಾರೆ. ವಾಚು ಕಟ್ಟಿಕೊಂಡೇ ಗೀಸರಿನ ಬಿಸಿನೀರಿನಲ್ಲಿ ಸ್ನಾನವೂ ಮಾಡಿದ್ದಾರೆ.

ಹಿಂಬದಿಯ ಮುಚ್ಚಳ ತೆಗೆದಾಗ ಕ್ರೌನಿನಿಂದ ಒಳಗೆ ಹೋಗುವ ಸಣ್ಣ ಕಡ್ಡಿ ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು. ಅದರ ಸುತ್ತಲಿನ ಚಕ್ರಗಳ ಹಲ್ಲಿಗೂ ತುಕ್ಕು ಹಬ್ಬಿತ್ತು. “ಮಂಜು ಕಂಡ ದಿನವೇ ತಂದಿದ್ರೆ ಬಿಚ್ಚಿ ತೊಳೆದು ಎಣ್ಣೆ ಹಾಕಿ ಕೊಡ್ತಿದ್ದೆ. ಅಕ್ಕಿ ವಾಚಿನ ಒಳಗಿನ ನೀರನ್ನು ಎಳೆಯೋದಿಲ್ಲ ಸರ್” ಅಂದರು. ಹೊಸ ಕ್ರೌನ್, ಕೊಳವೆ ಹೊರಗೆ ಸಿಗುವುದಿಲ್ಲ ಅಂತ ಹೇಳಿ ಕಂಪನಿಯ ಸರ್ವಿಸ್ ಸೆಂಟರಿಗೇ ಕಳಿಸಿದರು. ನೋಡಿದ್ದಕ್ಕೆ ಒಂದು ರೂಪಾಯಿ ತೆಗೆದುಕೊಳ್ಳಲಿಲ್ಲ.

ಹೊರಡುವ ಮುಂಚೆ ಇನ್ನೊಂದು ವಾಚಿನ ಮೇಲೆ ಮುಚ್ಚುವ ಕ್ರಮ ತೋರಿಸಿಕೊಟ್ಟರು. ಕ್ರೌನನ್ನು ಹಗುರವಾಗಿ ಒತ್ತಿ, ಮೊದಲು ಹಿಂದಕ್ಕೆ, ಬಿಚ್ಚುವ ದಿಕ್ಕಿಗೇ ತಿರುಗಿಸಬೇಕು. ಒಂದು ಕಡೆ ‘ಟಕ್’ ಅಂತ ಥ್ರೆಡ್ ಕೆಳಗಿಳಿಯುವುದು ಬೆರಳಿಗೆ ಗೊತ್ತಾಗುತ್ತದೆ. ಅಲ್ಲಿಂದ ಮುಂದಕ್ಕೆ ತಿರುಗಿಸಿದರೆ ಬೆಣ್ಣೆಯಂತೆ ಹೋಗುತ್ತದೆ. ಮೊದಲ ಸುತ್ತಿನಲ್ಲೇ ಗಡುಸಾದರೆ ಅಲ್ಲೇ ಬಿಟ್ಟು ಮತ್ತೆ ಹಿಂದಕ್ಕೆ ಬರಬೇಕು. ಕೊನೆಯಲ್ಲಿ ಬೆರಳ ತುದಿಯ ಬಿಗಿ ಸಾಕು. ಇನ್ನೂ ಅಮುಕಿದರೆ ವಾಷರ್ ಚಪ್ಪಟೆಯಾಗುತ್ತದೆ. ನಾನು ನಾಲ್ಕು ಸಲ ಮಾಡಿದೆ, ಮೂರನೆಯ ಸಲಕ್ಕೆ ಆ ‘ಟಕ್’ ಸಿಕ್ಕಿತು.

ವಾಚನ್ನು ಯಾರ ಹತ್ತಿರವಾದರೂ ತೆರೆಸಿದರೆ, ವಾಪಸ್ ಕೊಡುವಾಗ ಪ್ರೆಶರ್ ಟೆಸ್ಟ್ ಮಾಡಿದಿರಾ ಅಂತ ಕೇಳಿ. ಗಾಳಿಯ ಒತ್ತಡದಲ್ಲಿಟ್ಟು ಕೇಸು ಸೋರುತ್ತದೆಯೇ ಅಂತ ನೋಡುವ ಯಂತ್ರ ಅದು, ನೀರು ಮುಟ್ಟಿಸುವ ಅಗತ್ಯವೂ ಇಲ್ಲ. ರಬ್ಬರಿಗೆ ವಯಸ್ಸಾಗುತ್ತದೆ. ಕಟ್ಟದೆ ಬೀರುವಿನಲ್ಲಿಟ್ಟ ವಾಚಿನಲ್ಲೂ ಒಣಗುತ್ತದೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ದುಡ್ಡು ಕೊಡುವ ಮೊದಲು ತಾವೇ ಕ್ರೌನ್ ಬಿಚ್ಚಿ ಮುಚ್ಚಿ ನೋಡಬೇಕು.

ವಾಚು ವಾಪಸ್ ಬಂದ ದಿನ, ಮಾರಿದ ಅಂಗಡಿಗೆ ಹೋಗಿ ಇದನ್ನೆಲ್ಲ ಮೊದಲೇ ಯಾಕೆ ಹೇಳಲಿಲ್ಲ ಅಂತ ಕೇಳಿದೆ. “ಮ್ಯಾನ್ಯುಯಲ್‌ನಲ್ಲಿದೆ” ಅಂದರು. ಇದೆ, ನಿಜ. ಹತ್ತಾರು ಭಾಷೆಗಳಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ. ಕನ್ನಡ ಅದರಲ್ಲಿಲ್ಲ. ಲಕ್ಷಗಟ್ಟಲೆ ಬೆಲೆಯ ವಸ್ತು ಮಾರುವವರು ಎರಡು ನಿಮಿಷ ಕೂರಿಸಿ ತೋರಿಸಬಾರದೇ ಅಂತ ನನಗೆ ಈಗಲೂ ಸಂಕಟವಾಗುತ್ತದೆ.

ಮನೆಗೆ ಬಂದು ದಪ್ಪ ಅಕ್ಷರದಲ್ಲಿ ಒಂದು ಚೀಟಿ ಬರೆದು ಅಪ್ಪನ ಬೀರುವಿನ ಬಾಗಿಲ ಒಳಗೆ ಅಂಟಿಸಿದೆ: “ಈ ವಾಚಿಗೆ ದಿನಾ ಕೀ ಬೇಡ. ಬಿಚ್ಚುವುದಿದ್ದರೆ ಕೈಯಿಂದ ತೆಗೆದು, ಬೆರಳು ಒರೆಸಿಕೊಂಡು ಬಿಚ್ಚಿ. ಮುಚ್ಚುವಾಗ ಮೊದಲು ಹಿಂದಕ್ಕೆ, ‘ಟಕ್’ ಅಂದ ಮೇಲೆ ಮುಂದಕ್ಕೆ. ಸ್ನಾನಕ್ಕೆ ತೆಗೆದಿಡಿ. ಗಾಜು ಬೆವರಿದರೆ ತಕ್ಷಣ ನನಗೆ ಫೋನ್ ಮಾಡಿ.” ಅದರ ಕೆಳಗೆ ಅಪ್ಪ ಪೆನ್ಸಿಲ್ಲಿನಲ್ಲಿ ಮಲ್ಲೇಶ್ವರದ ಅಂಗಡಿಯ ನಂಬರ್ ಸೇರಿಸಿದ್ದಾರೆ.