ಮದುವೆ ಮೇಕಪ್ ಬುಕ್ ಮಾಡುವ ಮೊದಲು ಓದಿ: 12 ಗಂಟೆ ಗ್ಯಾರಂಟಿ ಅಂದ ಬ್ಲಶ್ 3 ಗಂಟೆಯೂ ನಿಲ್ಲಲಿಲ್ಲ

ಕೋಪ ಇನ್ನೂ ಇಳಿದಿಲ್ಲ. ಬರಹ ಹಿಂದೆ ಮುಂದೆ ಆದರೆ ಸಹಿಸಿಕೊಳ್ಳಿ. ಏಪ್ರಿಲ್ ಕೊನೇ ವಾರ ದಾವಣಗೆರೆಯಲ್ಲಿ ನನ್ನ ತಂಗಿ ಮದುವೆ ಆಯಿತು. ಮೇಕಪ್‌ನವರನ್ನು ಹುಡುಕಿದ್ದು ನಾನು, ಮಾತಾಡಿದ್ದು ನಾನು, ಅಡ್ವಾನ್ಸ್ ಹಾಕಿದ್ದೂ ನಾನೇ. ಅಮ್ಮ ನಮ್ಮ ಬೀದಿ ಪಾರ್ಲರ್‌ನವರೇ ಸಾಕು ಅಂದಿದ್ದರು. ನಾನು ಹಠ ಹಿಡಿದೆ. ಅದಕ್ಕೇ ಹೊಟ್ಟೆ ಇಷ್ಟು ಉರಿಯುತ್ತಿದೆ.

ಬೆಳಿಗ್ಗೆ ಮುಹೂರ್ತ, ಸಂಜೆ ಆರತಕ್ಷತೆ, ಎರಡಕ್ಕೂ ಸೇರಿ 22,000 ರೂಪಾಯಿ. ಅಡ್ವಾನ್ಸ್ 8,000. ನಾನು ಕೇಳಿದ್ದು ಎರಡೇ ಮಾತು. ನೀವೇ ಬರ್ತೀರಲ್ವಾ? "ನಾನೇ ಬರ್ತೀನಿ ಮೇಡಂ." ತಂಗಿಗೆ ಬೆವರು ಜಾಸ್ತಿ, ನಮ್ಮೂರ ಬಿಸಿಲು ನಿಮಗೂ ಗೊತ್ತು, ಕೆನ್ನೆಗೆ ಹಚ್ಚುವ ಬಣ್ಣ, ಅದೇ ಬ್ಲಶ್, ನಿಲ್ಲುತ್ತಾ? "12 ಗಂಟೆ ಗ್ಯಾರಂಟಿ ಮೇಡಂ. ವಾಟರ್‌ಪ್ರೂಫ್. ಉಜ್ಜಿದ್ರೂ ಹೋಗಲ್ಲ." ಆ ಮೆಸೇಜ್ ಇನ್ನೂ ನನ್ನ ಫೋನಿನಲ್ಲಿದೆ. ಟ್ರಯಲ್ ಮಾಡಿ ತೋರಿಸಿ ಅಂದರೆ ಸೀಸನ್, ಟೈಮ್ ಇಲ್ಲ ಅಂದರು. ಅವತ್ತೇ ಬೇಡ ಅನ್ನಬೇಕಿತ್ತು.

ಮದುವೆ ದಿನ ಬೆಳಿಗ್ಗೆ 5ಕ್ಕೆ ಛತ್ರದ ರೂಮಿಗೆ ಬಂದವರು ಅವರಲ್ಲ. ಒಬ್ಬ ಚಿಕ್ಕ ಹುಡುಗಿ, ಕೈಯಲ್ಲಿ ಒಂದು ಪೆಟ್ಟಿಗೆ. "ಮೇಡಂ ಇನ್ನೊಂದು ಮದುವೆಗೆ ಹೋಗಿದ್ದಾರೆ ಅಕ್ಕ. ಬಾಕಿ ದುಡ್ಡು ಹಾಕಿದ ಮೇಲೆ ಶುರು ಮಾಡು ಅಂದಿದ್ದಾರೆ." 9.50ಕ್ಕೆ ಮುಹೂರ್ತ. ಹೊರಗೆ ವಾಲಗದವರು ಬಂದು ಕೂತಿದ್ದಾರೆ, ಅಮ್ಮ ಎರಡು ಸಲ ಬಾಗಿಲು ಬಡಿದು ಹೋಗಿದ್ದಾರೆ, ತಂಗಿ ತಲೆ ಒದ್ದೆ ಮಾಡಿಕೊಂಡು ಕುರ್ಚಿಯಲ್ಲಿ ಕೂತಿದ್ದಾಳೆ. ಆ ಹೊತ್ತಲ್ಲಿ ಯಾರು ಜಗಳಕ್ಕೆ ನಿಲ್ಲುತ್ತಾರೆ ಹೇಳಿ? 14,000 ಹಾಕಿದೆ. ಆ ಹೊತ್ತಲ್ಲಿ ಹೆಣ್ಣಿನ ಮನೆಯವರು ಬಾಯಿ ಮುಚ್ಚಿಕೊಂಡು ಕೊಡುತ್ತಾರೆ ಅಂತ ಅವರಿಗೆ ಚೆನ್ನಾಗಿ ಗೊತ್ತು.

ಹುಡುಗಿ ಮೇಲೆ ನನಗೆ ಕೋಪ ಇಲ್ಲ. ಅವಳಿಗೆ ಕಲಿಸಿಲ್ಲ ಅಷ್ಟೆ. ಮುಖಕ್ಕೆಲ್ಲ ಬಳಿಯುವ ಫೌಂಡೇಶನ್ ಹಚ್ಚಿದಳು, ಅದರ ಮೇಲೆ ಮುಖ ಬೆಳ್ಳಗಾಗುವಷ್ಟು ಪೌಡರ್ ಒತ್ತಿದಳು, ಆಮೇಲೆ ಡಬ್ಬಿಯಿಂದ ಕ್ರೀಮ್ ಬ್ಲಶ್ ತೆಗೆದು ಆ ಪೌಡರ್ ಮೇಲೆ ತಿಕ್ಕಿದಳು. ಹಿಟ್ಟು ಉದುರಿಸಿದ ಮಣೆ ಮೇಲೆ ಎಣ್ಣೆ ಕೈ ಇಟ್ಟರೆ ಏನಾಗುತ್ತೆ? ಹಾಗೇ ಆಯಿತು. ಒಂದು ಕಡೆ ಮುದ್ದೆ, ಒಂದು ಕಡೆ ಬಣ್ಣವೇ ಇಲ್ಲ. ಕ್ರೀಮ್ ಬ್ಲಶ್ ಪೌಡರಿಗಿಂತ ಮೊದಲು ಹಚ್ಚಬೇಕು, ಮೇಲೆ ಪೌಡರ್ ಕೂರಿಸಬೇಕು. ಇದು ಈ ಕೆಲಸದ ಮೊದಲನೇ ಪಾಠ ಅಂತ ನನಗೆ ಗೊತ್ತಾಗಿದ್ದು ಸಂಜೆ. ಬಣ್ಣ ಬೇರೆ ತೆಳು ಗುಲಾಬಿ. ತಂಗಿಯದು ಎಣ್ಣೆಗೆಂಪು ಮೈಬಣ್ಣ. ಅದರ ಮೇಲೆ ಆ ಗುಲಾಬಿ ಬೂದಿ ಬಳಿದ ಹಾಗೆ ಕಾಣುತ್ತಿತ್ತು. ಕೇಳಿದರೆ "ಫೋಟೋದಲ್ಲಿ ಸರಿ ಬರುತ್ತೆ ಅಕ್ಕ" ಅಂದಳು. ನಂಬಿದೆ.

7ಕ್ಕೆ ಮುಗಿಯಿತು. ಅಂತರಪಟ ಸರಿದಾಗ ನಾನು ಎದುರಿಗೇ ನಿಂತಿದ್ದೆ. ಇನ್ನೂ 10 ಗಂಟೆ ಆಗಿಲ್ಲ. ಎಡಗೆನ್ನೆಯಲ್ಲಿ ಬಣ್ಣ ಪೂರ್ತಿ ಹೋಗಿತ್ತು. ಬಲಗೆನ್ನೆಯಲ್ಲಿ ಐದು ರೂಪಾಯಿ ನಾಣ್ಯದಷ್ಟು ಒಂದು ಗುಲಾಬಿ ಕಲೆ, ಅದರ ಸುತ್ತ ಫೌಂಡೇಶನ್ ಬಿರುಕು ಬಿಟ್ಟು ಒಳಗಿನ ಅರಿಶಿನ ಕಾಣುತ್ತಿತ್ತು. ಹಿಂದಿನ ದಿನದ ಅರಿಶಿನ ಶಾಸ್ತ್ರದ ಅರಿಶಿನ. ಫೋಟೋ ತೆಗೆಯುವವರು ನನ್ನ ಹತ್ತಿರ ಬಂದು ಮೆಲ್ಲಗೆ "ಅಕ್ಕ, ಒಂದ್ಸಲ ಮುಖ ಸರಿ ಮಾಡಿಸ್ತೀರಾ?" ಅಂದರು. ಹಿಂದೆ ಗಂಡಿನ ಕಡೆಯವರೊಬ್ಬರು ಅದನ್ನು ಕೇಳಿಸಿಕೊಂಡರು. ನನಗೆ ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು. ಮಂಟಪದಲ್ಲಿ ಕೂತ ಮದುಮಗಳನ್ನು ಎಬ್ಬಿಸಿ ಏನು ಸರಿ ಮಾಡಿಸಲಿ? ಆಮೇಲೆ ಧಾರೆ, ಆಮೇಲೆ ಹೋಮದ ಹೊಗೆ. ಇದ್ದ ಆ ಒಂದು ಕಲೆಯೂ ಹೋಯಿತು.

ಅಲ್ಲೇ ಪಕ್ಕಕ್ಕೆ ಬಂದು ಮೇಕಪ್‌ನವರಿಗೆ ಫೋಟೋ ಕಳಿಸಿದೆ. ಬಂದ ಉತ್ತರ ಹಾಗೆ ಹಾಗೇ ಹಾಕುತ್ತೇನೆ.

"ಬ್ಲಶ್ ಅಂದ್ರೆ ಹಂಗೇ ಮೇಡಂ, ಬೆವರಿಗೆ ಹೋಗುತ್ತೆ."

12 ಗಂಟೆ ಅಂದಿದ್ದಿರಿ, ವಾಟರ್‌ಪ್ರೂಫ್ ಅಂದಿದ್ದಿರಿ ಅಂದೆ.

"ಅದು ನಾರ್ಮಲ್ ಸ್ಕಿನ್‌ಗೆ. ನಿಮ್ಮ ಸಿಸ್ಟರ್‌ದು ಆಯಿಲಿ."

ಬೆವರುತ್ತಾಳೆ ಅಂತ ಮೊದಲೇ ಹೇಳಿದ್ದೆನಲ್ವಾ ಅಂದೆ. ಅದಕ್ಕೆ ಬಂದ ಉತ್ತರ ಮಾತ್ರ ನಾನು ಸಾಯುವವರೆಗೂ ಮರೆಯುವುದಿಲ್ಲ.

"ಧಾರೆ ಟೈಮಲ್ಲಿ ಬ್ರೈಡ್ ಅತ್ತಿದ್ದಾರೆ ಮೇಡಂ. ಅದಕ್ಕೆ ನಾನೇನು ಮಾಡ್ಲಿ?"

ಅಪ್ಪ ಅಮ್ಮ ಧಾರೆ ಎರೆಯುವಾಗ ಯಾವ ಮಗಳು ಅಳುವುದಿಲ್ಲ? ಮದುವೆ ಮೇಕಪ್‌ ಮಾಡುವುದನ್ನೇ ಕಸುಬು ಮಾಡಿಕೊಂಡವರು ಇದನ್ನು ಹೇಳುತ್ತಾರಾ? ಅಳುತ್ತಾಳೆ ಅಂತ ಗೊತ್ತಿದ್ದೇ ತಾನೇ ನಾವು 22,000 ಕೊಡುವುದು? ಅದೂ ಅಲ್ಲದೆ ಅವಳ ಕೆನ್ನೆ ಬಣ್ಣ ಹೋಗಿದ್ದು ಅಳುವುದಕ್ಕಿಂತ ಮೊದಲು. ಫೋಟೋದಲ್ಲಿ ಟೈಮ್ ಇದೆ.

ಇಷ್ಟಕ್ಕೇ ಮುಗಿದಿದ್ದರೆ ಬರೆಯುತ್ತಿದ್ದೆನೋ ಇಲ್ಲವೋ. ಊಟ ಆದ ಮೇಲೆ ಹುಡುಗಿ ಪೆಟ್ಟಿಗೆ ಕಟ್ಟುತ್ತಿದ್ದಳು. ಸಂಜೆಗೆ ಅಂದರೆ "ಸಂಜೆ ಇನ್ನೊಂದು ಕಡೆ ಇದೆ ಅಕ್ಕ, ನಾನು ಇಲ್ಲೇ ಇರಬೇಕಾದ್ರೆ 3,500 ಜಾಸ್ತಿ ಅಂತ ಮೇಡಂ ಅಂದ್ರು" ಅಂತ ಅಳುವ ಮುಖ ಮಾಡಿದಳು. ಆಗ ಆ ಬ್ಲಶ್ ಡಬ್ಬಿ ಕೈಗೆ ತಗೊಂಡೆ. ಮುಚ್ಚಳ ತೆಗೆದರೆ ಹಳೇ ಶೇಂಗಾ ಎಣ್ಣೆಯ ಕಮಟು ವಾಸನೆ. ಕ್ರೀಮಿನ ಮೇಲೆ ಬೆವರು ಹನಿ ಹಾಗೆ ಎಣ್ಣೆ ಬಿಟ್ಟಿತ್ತು. ಅಂಚಿನಲ್ಲಿ ಯಾರದೋ ಮುಖದ ಫೌಂಡೇಶನ್ ಒಣಗಿ ಅಂಟಿತ್ತು. ತಿರುಗಿಸಿ ನೋಡಿದೆ. 2023ರ ಅಕ್ಟೋಬರಿಗೇ ಅವಧಿ ಮುಗಿದಿದೆ! ಮದುವೆ ಆಗಿದ್ದು 2025ರಲ್ಲಿ. ಅದನ್ನೇ ನನ್ನ ತಂಗಿ ಮುಖಕ್ಕೆ ಹಚ್ಚಿದ್ದು. ಮಾರನೇ ದಿನ ಎರಡೂ ಕೆನ್ನೆ ಮೇಲೆ ಸಣ್ಣ ಸಣ್ಣ ಗುಳ್ಳೆ. ಆ ಬ್ಲಶ್‌ನಿಂದಲೇ ಬಂತು ಅಂತ ಡಾಕ್ಟರ್ ಖಚಿತವಾಗಿ ಹೇಳಲಿಲ್ಲ, ಆದರೆ ಮೊದಲು ಕೇಳಿದ್ದು ಮುಖಕ್ಕೆ ಏನೇನು ಹಚ್ಚಿದ್ದಿರಿ ಅಂತಲೇ. ಹೊಸ ಮನೆಗೆ ಹೋದ ಹುಡುಗಿ ಒಂಬತ್ತು ದಿನ ಮುಲಾಮು ಹಚ್ಚಿಕೊಂಡು ಕೂತಳು.

ಬ್ಲಶ್ ಎಷ್ಟು ಗಂಟೆ ಬಾಳುತ್ತೆ ಅಂತ ಎಲ್ಲರೂ ಕೇಳುತ್ತೇವೆ, ಡಬ್ಬಿ ಎಷ್ಟು ತಿಂಗಳು ಬಾಳುತ್ತೆ ಅಂತ ಯಾರೂ ಕೇಳುವುದಿಲ್ಲ. ನಾನೂ ಕೇಳಿರಲಿಲ್ಲ. ಸಾಮಾನ್ಯವಾಗಿ ಡಬ್ಬಿ ಹಿಂದೆ ಮುಚ್ಚಳ ತೆರೆದ ಭರಣಿಯ ಪುಟ್ಟ ಚಿತ್ರ ಇರುತ್ತೆ, ಅದರಲ್ಲಿ 12ಎಂ ಅಂತಲೋ 24ಎಂ ಅಂತಲೋ ಬರೆದಿರುತ್ತೆ. ಮುಚ್ಚಳ ತೆಗೆದ ದಿನದಿಂದ ಅಷ್ಟು ತಿಂಗಳು ಅಂತ ಅರ್ಥ. ಪೌಡರ್ ಬ್ಲಶ್ ಸಾಮಾನ್ಯವಾಗಿ ಎರಡು ವರ್ಷ, ಕ್ರೀಮಿನದು ಸುಮಾರು ಒಂದು ವರ್ಷ. ಇದಲ್ಲದೆ ಯಾವಾಗಿನ ಒಳಗೆ ಬಳಸಬೇಕು ಅನ್ನುವ ತಾರೀಖು ಲೇಬಲ್ ಮೇಲೆ ಇರಲೇಬೇಕು, 2020ರ ಕಾಸ್ಮೆಟಿಕ್ಸ್ ನಿಯಮವೇ ಇದೆ. ತಾರೀಖು ಕೆರೆದು ಹಾಕಿದ ಡಬ್ಬಿ ಕಂಡರೆ ಮುಖ ಮುಟ್ಟಿಸಬೇಡಿ.

ಸಂಜೆ ನಮ್ಮ ಮಾನ ಉಳಿಸಿದ್ದು ದೊಡ್ಡಮ್ಮನ ಮಗಳು. ಪಾರ್ಲರ್ ಕೆಲಸ ಅಲ್ಲ ಅವಳದು, ಬ್ಯಾಂಕಿನಲ್ಲಿದ್ದಾಳೆ. ಮುಖ ಪೂರ್ತಿ ತೊಳೆಸಿದಳು. ಫೌಂಡೇಶನ್ ತೆಳ್ಳಗೆ ಹಚ್ಚಿದಳು, ಅದು ಹಸಿ ಇರುವಾಗಲೇ ಇಟ್ಟಿಗೆ ಕೆಂಪಿನ ಕ್ರೀಮ್ ಬ್ಲಶ್ ಎರಡು ಚುಕ್ಕೆ ಇಟ್ಟು ಬೆರಳಲ್ಲಿ ತಟ್ಟಿದಳು. ತಿಕ್ಕಲಿಲ್ಲ, ಬರೀ ತಟ್ಟಿದಳು. ಮೂಗಿನಿಂದ ಎರಡು ಬೆರಳು ದೂರದಲ್ಲಿ ಶುರು ಮಾಡಿ ಕೆನ್ನೆಮೂಳೆ ಮೇಲೆ ಕಿವಿ ಕಡೆಗೆ. ನಕ್ಕಾಗ ಉಬ್ಬುವ ಜಾಗಕ್ಕೆ ಹಾಕಿದರೆ ನಗು ನಿಂತ ಮೇಲೆ ಬಣ್ಣ ಕೆಳಗಿಳಿದು ಮುಖ ಜೋತು ಬಿದ್ದ ಹಾಗೆ ಕಾಣುತ್ತೆ ಅಂದಳು. ಅದರ ಮೇಲೆ ಸ್ವಲ್ಪ ಪೌಡರ್, ಆಮೇಲೆ ಅದೇ ಬಣ್ಣದ ಪೌಡರ್ ಬ್ಲಶ್ ಒಂದು ಕೈ, ಕೊನೆಗೆ ಮೇಕಪ್ ಕೂರಿಸುವ ಸೆಟ್ಟಿಂಗ್ ಸ್ಪ್ರೇ. ಕನ್ನಡಿಯಲ್ಲಿ ಸ್ವಲ್ಪ ಜಾಸ್ತಿಯೇ ಆಯಿತು ಅನ್ನಿಸಿತು. ವೇದಿಕೆ ದೀಪಕ್ಕೆ, ಫ್ಲಾಶ್‌ಗೆ ಅಷ್ಟು ಬೇಕು ಅಂದಳು, ನಿಜ. ಬೆವರಿದಾಗ ಒರೆಸಲು ಬಿಡಲಿಲ್ಲ, ಟಿಶ್ಯೂ ಒತ್ತಿ ತೆಗೆಯುತ್ತಿದ್ದಳು. ನಡುವೆ ಒಂದೇ ಸಲ ಪೌಡರ್ ಬ್ಲಶ್ ಮುಟ್ಟಿಸಿದ್ದು. 6.30ರಿಂದ ರಾತ್ರಿ 10ರವರೆಗೆ ಕೆನ್ನೆ ಹಾಗೇ ಇತ್ತು.

ನಡುವೆ ಮುಟ್ಟಿಸದೆ 12 ಗಂಟೆ ಅನ್ನುವವರನ್ನು ನಂಬಬೇಡಿ. ನಂಬಲೇಬೇಡಿ. ಟಚ್-ಅಪ್‌ಗೆ ಯಾರು ಎಷ್ಟು ಹೊತ್ತು ಇರುತ್ತಾರೆ ಅಂತ ಬರೆಸಿಕೊಳ್ಳಿ. ಯಾರ ಕೈ ಕೆಲಸ ನೋಡಿ ಬುಕ್ ಮಾಡಿದ್ದೀರೋ ಅವರೇ ಬರಬೇಕು ಅಂತ ಬರೆಸಿಕೊಳ್ಳಿ. ಟ್ರಯಲ್ ಇಲ್ಲ ಅಂದರೆ ಬೇಡ ಅನ್ನಿ. ಟ್ರಯಲ್ ದಿನ ಹಚ್ಚಿಸಿಕೊಂಡು ಬಿಸಿಲಲ್ಲಿ ನಾಲ್ಕು ಗಂಟೆ ಓಡಾಡಿ. ಪೂರ್ತಿ ದುಡ್ಡು ಮೊದಲೇ ಕೊಡಬೇಡಿ. ಡಬ್ಬಿ ತೆಗೆಸಿ ಮೂಸಿ ನೋಡಿ, ನಾಚಿಕೆ ಪಡಬೇಡಿ. ಮುಖ ನಿಮ್ಮದು.

ಡಬ್ಬಿಯ ಫೋಟೋ ಕಳಿಸಿದ ತಕ್ಷಣ ಅವರು ನನ್ನನ್ನು ಬ್ಲಾಕ್ ಮಾಡಿದರು. ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಟ್ಟೆ. ನಾಲ್ಕು ದಿನ ಬಿಟ್ಟು ಬೇರೆ ನಂಬರಿನಿಂದ ವಾಯ್ಸ್ ಮೆಸೇಜ್ ಬಂತು. "ಮೇಡಂ, 4,000 ವಾಪಸ್ ಹಾಕ್ತೀನಿ, ಒಂದು ಫೇಶಿಯಲ್ ಫ್ರೀ ಮಾಡ್ಕೊಡ್ತೀನಿ, ಎಲ್ಲೂ ಬರೆಯಬೇಡಿ." ಆ ಕೈಗೆ ಇನ್ನೊಮ್ಮೆ ತಂಗಿಯ ಮುಖ ಕೊಡಬೇಕಂತೆ. ಬೇಡ ಅಂದೆ. ದೂರು ವಾಪಸ್ ತಗೊಂಡಿಲ್ಲ, ತಗೊಳ್ಳುವುದೂ ಇಲ್ಲ.